ಕೆಂಪು ಹಳದಿಯಾದ ಹೊತ್ತು

ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲು ಬಂಗಾರಪೇಟೆ ಬಿಟ್ಟ ಮೇಲೂ ಮನೆಯಲ್ಲಿ ಏನನ್ನೋ ಆರಿಸದೆ ಬಂದಿದ್ದೇನೆ ಎಂಬ ಅನುಮಾನ ಶ್ಯಾಮಲಳನ್ನು ಬಿಡಲಿಲ್ಲ. ಗ್ಯಾಸ್ ಒಲೆ ಆರಿಸಿದ್ದಳು. ಬಚ್ಚಲಿನ ಗೀಸರ್ ಆರಿಸಿದ್ದಳು. ಗಂಡ ವೇಣು ಹಾಲಿನ ಕ್ಯಾನುಗಳನ್ನು ಬೈಕಿಗೆ ಕಟ್ಟುತ್ತ, ಕೆಂದಹಸು ಇವತ್ತೋ ನಾಳೆಯೋ ಕರು ಹಾಕುತ್ತೆ, ಸಂಜೆ ಬೇಗ ಬಾ ಎಂದಿದ್ದಕ್ಕೆ ಹೂಂ ಅಂದಿದ್ದಳು. ಹಾಗೆ ಅನ್ನುವಾಗ ಕೈ ಸ್ವಿಚ್ಚಿನ ಮೇಲೇ ಇತ್ತು. ಆರಿಸದೆ ಉಳಿದದ್ದು ಮನೆಯಲ್ಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಲೆಯನ್ನೇ ನೆನೆಯುತ್ತಿದ್ದಳು. ಕಿಟಕಿಯಾಚೆ ಜನವರಿಯ ಮಂಜು ರಾಗಿ ಕುಯ್ದ ಹೊಲಗಳ ಮೇಲೆ ಕದಲದೆ ಕೂತಿತ್ತು. ಗಾಳಿ ಸತ್ತಂತಿತ್ತು. ಒಂದು ಎಲೆಯಾದರೂ ಅಲ್ಲಾಡಲಿ ಎಂದು ಅವಳು ನೀಲಗಿರಿ ಮರಗಳನ್ನೇ ನೋಡುತ್ತಿದ್ದಳು, ಯಾಕೆ ನೋಡುತ್ತಿದ್ದೇನೆಂದು ತನ್ನೊಳಗೂ ಒಪ್ಪಿಕೊಳ್ಳದೆ.

ಊರಿಗಾಂನಲ್ಲಿ ಹಿಂದೆ ಗಣಿ ಕಂಪನಿಯ ಆಫೀಸಾಗಿದ್ದ ಕಟ್ಟಡದಲ್ಲಿ ಈಗ ಒಂದು ಖಾಸಗಿ ಕಾಲೇಜಿದೆ. ಶ್ಯಾಮಲ ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅವಳ ಲ್ಯಾಬಿನಲ್ಲಿ, ವಿಷಗಾಳಿಯನ್ನು ಎಳೆದು ಹೊರಹಾಕುವ ಗಾಜಿನ ಬಾಗಿಲಿನ ಕಪಾಟು ಒಂದಿದೆ. ಅದರ ಫ್ಯಾನಿನ ಮೋಟಾರು ಸುಟ್ಟು ಒಂದು ವರ್ಷವಾಗಿತ್ತು. ಹೊಸದಕ್ಕೆ ಬರೆದು ಬರೆದು ಸಾಕಾಗಿ, ಫ್ಲಾಸ್ಕಿನಿಂದ ಹೊರಬರುವ ಗಾಳಿಯನ್ನು ರಬ್ಬರ್ ನಳಿಕೆಯಲ್ಲಿ ನೇರವಾಗಿ ಹೊರಗಿನ ಪೈಪಿಗೆ ಬಿಡುವ ಏರ್ಪಾಡನ್ನು ಅವಳೇ ಮಾಡಿಕೊಂಡಿದ್ದಳು. ಪೈಪು ಗೋಡೆ ತೂರಿ, ಹೊರಗೋಡೆಗೆ ಅಂಟಿಕೊಂಡು ಮೇಲೇರಿ, ಹೆಂಚಿನ ಮಾಡಿನ ಮೇಲೆ ಬಾಯಿ ತೆರೆದಿತ್ತು. ನಾಡಿದ್ದು ಪರಿಶೀಲನೆಯ ತಂಡ ಬರುವುದೆಂದು ಕಾಲೇಜಿಗೆ ಸುಣ್ಣಬಣ್ಣ ನಡೆಯುತ್ತಿತ್ತು. ನಿನ್ನೆ ಸಂಜೆ ಹೊರಡುವಾಗ ಹಿಂದುಗಡೆ ಹೋಗಿ ನೋಡಿದರೆ, ಬಣ್ಣದವರು ಸಾರುವೆ ಕಟ್ಟಲು ಅಡ್ಡವಾಯಿತೆಂದು ಆ ನೆಟ್ಟಗಿನ ಪೈಪನ್ನು ಬಿಚ್ಚಿ ಹುಲ್ಲಿನ ಮೇಲೆ ಮಲಗಿಸಿದ್ದರು. ಗೋಡೆಯಲ್ಲಿ ಬರೀ ತೂತು ಉಳಿದಿತ್ತು. ತೂತಿನ ಪಕ್ಕದಲ್ಲೇ, ಕೈಗೆಟಕುವ ಅಂತರದಲ್ಲಿ, ಹಿಂದಿನ ಸಾಮಾನು ಕೋಣೆಯ ಗವಾಕ್ಷಿ. ಅವಳು ನಿಂತು ನೋಡಿದಳು. ನಾಳೆ ಅವರಿಗೆ ಹೇಳಿ ಹಾಕಿಸಬೇಕು ಅಂದುಕೊಂಡಳು. ರೈಲಿಗೆ ಹೊತ್ತಾಗಿತ್ತು.

ಇವತ್ತೇ ಕೆಲಸ ಮುಗಿಯಬೇಕಿತ್ತು. ಕಾರ್ಬನ್ ಮಾನಾಕ್ಸೈಡಿನ ಸಿಲಿಂಡರು ಬೆಂಗಳೂರಿನ ಸುಧಾಕರ್ ಅವರ ಲ್ಯಾಬಿನದು, ನಾಳೆ ವ್ಯಾನಿನಲ್ಲಿ ಹಿಂದಕ್ಕೆ ಹೋಗಬೇಕು. ಸುಧಾಕರ್ ಅವಳಿಗೆ ಪಿಎಚ್‌ಡಿಗೆ ಗೈಡ್ ಆಗಿದ್ದವರು. ಒಳ್ಳೆಯವರೇ. ಆದರೆ ಮೊದಲ ವರ್ಷ, ಗಾಳಿ ಸೋಕಬಾರದ ದ್ರಾವಣಕ್ಕೆ ಅವಳು ಗಾಳಿ ಸೋಕಿಸಿ ಹಾಳು ಮಾಡಿದಾಗ, ಎಲ್ಲರ ಎದುರು, "ಹಾಲು ಕರೆದ ಕೈ, ಗಾಜಿಗೆ ಒಗ್ಗೋಕೆ ಸ್ವಲ್ಪ ಹೊತ್ತು ಬೇಕು" ಅಂದಿದ್ದರು. ಲ್ಯಾಬೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು. ತಾನೂ ನಕ್ಕಿದ್ದು ಈಗಲೂ ಊಟದ ಮಧ್ಯೆ, ಪಾಠದ ಮಧ್ಯೆ, ನಿಲ್ಲಿಸಿದ ಗಾಡಿಯ ಇಂಜಿನ್ನು ತಾನಾಗಿ ಅದುರಿದ ಹಾಗೆ ಒಳಗೆ ಅದುರುತ್ತಿತ್ತು. ಊರಿಗಾಂ ಕಾಲೇಜಿಗೆ ಸೇರುತ್ತೇನೆ ಎಂದಾಗ ಅವರು, ಅಲ್ಲಿ ಪಾಠ ಮಾಡಿ ಸಾಕು, ಕ್ಲಸ್ಟರು ಕಾರ್ಬೀನು ಎಲ್ಲ ಮರೆತುಬಿಡಿ ಎಂದು ಸಲಹೆ ಕೊಟ್ಟಿದ್ದರು. ತಾನು ಮರೆಯದೆ ಇದ್ದದ್ದನ್ನು ತೋರಿಸಬೇಕಾದದ್ದು ಜಗತ್ತಿನಲ್ಲಿ ಅವರೊಬ್ಬರಿಗೇ ಎಂಬಂತೆ ಅವಳು ದುಡಿದಿದ್ದಳು.

ರುಥೇನಿಯಂ ಎಂಬ ಲೋಹದ ಮೂರು ಪರಮಾಣುಗಳು ತ್ರಿಕೋನವಾಗಿ ಒಂದನ್ನೊಂದು ಹಿಡಿದು ಕೂತಿರುತ್ತವೆ, ಅವುಗಳ ಸುತ್ತ ಕಾರ್ಬನ್ ಮಾನಾಕ್ಸೈಡಿನ ಅಣುಗಳು ಗೊಂಚಲಾಗಿ ಅಂಟಿಕೊಂಡಿರುತ್ತವೆ: ಕ್ಲಸ್ಟರ್ ಎಂದರೇನೆಂದು ಕ್ಲಾಸಿನ ಮಕ್ಕಳಿಗೆ ಅವಳು ಹೀಗೆ ಹೇಳುತ್ತಿದ್ದಳು. ಇಂಗಾಲಕ್ಕೆ ನಾಲ್ಕು ಕೈ. ಕಾರ್ಬೀನಿನ ಇಂಗಾಲಕ್ಕೆ ಮಾತ್ರ ಎರಡೇ. ಉಳಿದ ಒಂದು ಜೊತೆ ಎಲೆಕ್ಟ್ರಾನುಗಳನ್ನು ಮಡಿಲಲ್ಲಿಟ್ಟುಕೊಂಡು ಅದು ಯಾವುದನ್ನಾದರೂ ಹಿಡಿಯಲು ಕಾಯುತ್ತದೆ. ಲೋಹ ಸಿಕ್ಕಿತೋ, ಹಿಡಿಯುತ್ತದೆ. ಅದು ಕೂರಬೇಕಾದರೆ ಅಲ್ಲಿದ್ದ ಒಂದು ಕಾರ್ಬನ್ ಮಾನಾಕ್ಸೈಡ್ ಎದ್ದು ಹೋಗಬೇಕು. ಕಿತ್ತಳೆ ಬಣ್ಣದ ದ್ರಾವಣ ಕೆಂಪಾಗುತ್ತದೆ. ಆಮೇಲೆ ಬಿಸಿ ಮಾಡಿದರೆ ಕೂತ ಕಾರ್ಬೀನು ಸುಮ್ಮನಿರುವುದಿಲ್ಲ. ಪಕ್ಕದ ಲೋಹ ಅದರ ತೋಳಿನಿಂದ ಹೈಡ್ರೋಜನನ್ನು ಕಿತ್ತುಕೊಳ್ಳುತ್ತದೆ, ಕಿತ್ತ ಜಾಗಕ್ಕೆ ತಾನೇ ಅಂಟುತ್ತದೆ. ಒಂದು ಲೋಹಕ್ಕೆ ಸೇರಿದ್ದು ಮೂರಕ್ಕೂ ಸಿಕ್ಕಿಬೀಳುತ್ತದೆ. ಕೆಂಪು ಹಳದಿಯಾಗುತ್ತದೆ. ಇದು ಹೊಸತೇನಲ್ಲ, ಪುಸ್ತಕದಲ್ಲಿದೆ. ಆದರೆ ಅವಳು ಬೇರೆ ತೋಳಿನ ಒಂದು ಕಾರ್ಬೀನನ್ನು ತಾನೇ ಕಟ್ಟಿದ್ದಳು. ಅದು ಕಡಿಮೆ ಬಿಸಿಗೇ, ಬೇರೆಯದೇ ರೀತಿ ಸಿಕ್ಕಿಬೀಳಬಹುದೆಂಬ ಆಸೆ. ಎರಡು ಸಲ ಹಾಗೆ ಕಂಡಂತಾಗಿ ಕೈಗೆ ಸಿಕ್ಕಿರಲಿಲ್ಲ. ಕ್ಲಸ್ಟರಿನ ಹಳೆಯ ಕಿತ್ತಳೆ ಹರಳು ಇನ್ನೊಂದು ಸಲಕ್ಕಾಗುವಷ್ಟು ಮಾತ್ರ ಉಳಿದಿತ್ತು. ಇನ್ನಷ್ಟು ಬೇಕೆಂದರೆ, ಕುದಿಯುವ ದ್ರಾವಣದೊಳಗೆ ದಿನವೆಲ್ಲ ಆ ಸಿಲಿಂಡರಿನ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತ ಹೊಸ ಹರಳು ಮಾಡಿಕೊಳ್ಳಬೇಕಿತ್ತು.

ಕಾಲೇಜು ತಲುಪಿದಾಗ ಬಣ್ಣದವರು ಬಂದಿರಲಿಲ್ಲ. ಪಕ್ಕದ ಕಟ್ಟಡಕ್ಕೆ ಹೋಗಿದ್ದಾರೆ, ಮಧ್ಯಾಹ್ನದ ಮೇಲೆ ಬರುತ್ತಾರೆ ಎಂದು ಅಟೆಂಡರ್ ಕುಪ್ಪುಸ್ವಾಮಿ ಹೇಳಿದ. ಪ್ರಿನ್ಸಿಪಾಲ್ ಕೋದಂಡಪ್ಪನವರು ಕಾರಿಡಾರಿನಲ್ಲೇ ನಿಲ್ಲಿಸಿ, ತಂಡದವರು ಬಂದಾಗ ನಿಮ್ಮ ಲ್ಯಾಬೇ ನಮ್ಮ ಮುಖ, ಏನಾದರೂ ಬಣ್ಣಬಣ್ಣದ್ದು ಕುದಿಯುತ್ತಿರಲಿ ಎಂದರು. ಪೈಪಿನ ವಿಷಯ ಅವಳ ಬಾಯಿಗೆ ಬಂತು. ಅವರು ಆಗಲೇ ಬೇರೆ ಯಾರನ್ನೋ ಕರೆಯುತ್ತ ತಿರುಗಿದ್ದರು. ತಾನೇ ಎತ್ತಿ ಹಾಕಬಹುದಿತ್ತು. ಅದಕ್ಕೆ ಏಣಿ ಬೇಕು, ಇಬ್ಬರು ಬೇಕು, ಕಟ್ಟಲು ತಂತಿ ಬೇಕು. ಹೊರಗಡೆ ತಾನೆ, ಬಯಲು ತಾನೆ ಎಂದುಕೊಂಡಳು. ಲ್ಯಾಬಿನೊಳಗೆ ಗೋಡೆಗೆ ತಗುಲಿಸಿದ ಗ್ಯಾಸ್ ಪತ್ತೆಯ ಪುಟ್ಟ ಯಂತ್ರ ಸೊನ್ನೆ ತೋರಿಸುತ್ತಿತ್ತು. ಅದು ಒಳಗಿನ ಸೊನ್ನೆ, ಹೊರಗಿನದಲ್ಲ ಎಂಬುದು ಅವಳಿಗೆ ಹೊಳೆಯದ ಮಾತೇನಲ್ಲ.

ಹಿಂದಿನ ಆ ಸಾಮಾನು ಕೋಣೆಯಲ್ಲಿ ಮಧ್ಯಾಹ್ನ ಕೂರುತ್ತಿದ್ದವಳು ಮುನಿಶಾಮಮ್ಮ, ಕಸ ಗುಡಿಸಿ ಗಾಜಿನ ಸಾಮಾನು ತೊಳೆಯುವವಳು. ಮನೆ ಮೈಸೂರು ಮೈನ್ಸ್ ಎಂಬ ಗಣಿಕಾರ್ಮಿಕರ ಕೇರಿಯ ಕಡೆ, ನಡೆದೇ ಬರುತ್ತಿದ್ದಳು. ಮೊದಲು ಅವಳು ಕಾರಿಡಾರಿನ ಕೊನೆಯಲ್ಲಿ ಉಣ್ಣುತ್ತಿದ್ದಳು. ಒಂದು ದಿನ ಅವಳ ಡಬ್ಬಿಯ ಒಣಮೀನಿನ ವಾಸನೆ ಸ್ಟಾಫ್ ರೂಮಿಗೆ ಬಂತೆಂದು ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದರು. ಶ್ಯಾಮಲಳೂ ಹಿಡಿದಳು. ಅವಳ ಮನೆಯಲ್ಲಿ ಅತ್ತೆ ನರಸಮ್ಮ ವಾರಕ್ಕೊಮ್ಮೆ ಅದೇ ಒಣಮೀನನ್ನು ಬದನೆಕಾಯಿ ಹಾಕಿ ಸಾರು ಮಾಡುತ್ತಾರೆ, ಶ್ಯಾಮಲ ಎರಡನೆಯ ಸಲ ಬಡಿಸಿಕೊಳ್ಳುತ್ತಾಳೆ. ಮುನಿಶಾಮಮ್ಮ ಯಾರಿಗೂ ಏನೂ ಹೇಳದೆ ಡಬ್ಬಿ ಮುಚ್ಚಿಕೊಂಡು ಹಿಂದಕ್ಕೆ ಹೋದವಳು ಮತ್ತೆ ಮುಂದೆ ಕೂರಲಿಲ್ಲ. ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದಳು, ಉಂಡು ಸ್ವಲ್ಪ ಹೊತ್ತು ಮಲಗುತ್ತಿದ್ದಳು.

ಅವತ್ತು ಬೆಳಗ್ಗೆ ಅವಳು ನೆಲ ಒರೆಸುತ್ತಿದ್ದಾಗ ಶ್ಯಾಮಲ, ಇವತ್ತು ಹಿಂದೆ ಕೂರಬೇಡ ಎಂದಳು. ಯಾಕೆಂದು ಹೇಳಲಿಲ್ಲ. ಹೇಳಿದರೆ ಆ ಗಾಳಿ ವಿಷ, ಅದಕ್ಕೆ ಬಣ್ಣವಿಲ್ಲ ವಾಸನೆಯಿಲ್ಲ ಎಂಬುದನ್ನೆಲ್ಲ ಹೇಳಬೇಕಾಗುತ್ತಿತ್ತು, ಮುನಿಶಾಮಮ್ಮ ಅದನ್ನು ಕಾರಿಡಾರಿಗೆಲ್ಲ ಸಾರಿದರೆ ಕೋದಂಡಪ್ಪನವರು ಕೆಲಸ ನಿಲ್ಲಿಸಿಬಿಡುತ್ತಿದ್ದರು. ಮುನಿಶಾಮಮ್ಮ ಬಟ್ಟೆ ಹಿಂಡುತ್ತ, ತಲೆ ಎತ್ತದೆ, "ಎಲ್ಲಾರ ಕೂತ್ಕೊಂತೀನಿ ಬುಡಿ ಮೇಡಂ" ಅಂದಳು. ಅವಳ ದನಿಯಲ್ಲಿ ಏನೋ ಒಂದು ಮುಚ್ಚಿಕೊಂಡಿತು. ಮತ್ತೆ ಯಾರಿಗೋ ಮೂಗಿಗೆ ತೊಂದರೆಯಾಗಿದೆ ಎಂದು ಅವಳು ತಿಳಿದಿರಬೇಕು. ಶ್ಯಾಮಲಳಿಗೆ ಅದು ಆ ಕ್ಷಣವೇ ಹೊಳೆಯಿತು. ಹಾಗಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಫ್ಲಾಸ್ಕು ಬಿಸಿ ಮಾಡುವ ಎಣ್ಣೆಯ ಬಟ್ಟಲು ಕಾದಿತ್ತು.

ಸಿಲಿಂಡರಿನ ತಿರುಪು ಬಿಟ್ಟಳು. ಹೊಸ ಹರಳಿಗೆಂದು ಇಟ್ಟ ಕಪ್ಪುಗೆಂಪಿನ ದ್ರಾವಣದಲ್ಲಿ ಗುಳ್ಳೆಗಳು ಏಳತೊಡಗಿದವು. ಸಂಜೆಯೊಳಗೆ ಮುಗಿಯಬೇಕೆಂದು ಸ್ವಲ್ಪ ಹೊತ್ತಾದ ಮೇಲೆ ಇನ್ನಷ್ಟು ತಿರುಗಿಸಿದಳು. ದ್ರಾವಣಕ್ಕೆ ಬೇಕಾದ್ದನ್ನು ಅದು ಕುಡಿಯುತ್ತಿತ್ತು, ಬೇಡವಾದ್ದು ರಬ್ಬರ್ ನಳಿಕೆಯಲ್ಲಿ ಗೋಡೆಯಾಚೆ ಹೋಗುತ್ತಿತ್ತು. ಅದರ ಪಕ್ಕದಲ್ಲೇ ಪುಟ್ಟ ಫ್ಲಾಸ್ಕಿನಲ್ಲಿ ಉಳಿದಿದ್ದ ಹಳೆಯ ಹರಳನ್ನು ಕರಗಿಸಿ, ಸಿರಿಂಜಿನಲ್ಲಿ ಕಾರ್ಬೀನನ್ನು ಹನಿಹನಿಯಾಗಿ ಬಿಟ್ಟಳು. ಕಿತ್ತಳೆ ಅಂಚಿನಿಂದ ಕೆಂಪಾಗುತ್ತ ಬಂತು, ಎಲೆಅಡಿಕೆಯ ಎಂಜಲಿನಂಥ ಕೆಂಪು. ಇನ್ನು ಬಿಸಿ. ಹೆಚ್ಚು ಬೇಡ, ಕೈಗೆ ಸಹಿಸುವುದಕ್ಕಿಂತ ತುಸು ಹೆಚ್ಚು ಸಾಕು. ಅವಳು ಸ್ಟೂಲು ಎಳೆದು ಕೂತಳು. ಅಪ್ಪ ಕರು ಹಾಕುವ ಹಸುವಿನ ಮುಂದೆ ಕುಕ್ಕರಗಾಲಲ್ಲಿ ಹೀಗೇ ಕಾಯುತ್ತಿದ್ದರು, ಮಾತಾಡಿದರೆ ಬೈಯುತ್ತಿದ್ದರು. ಹೊರಗೆ ಮಂಜು ಕರಗಿ ಬಿಸಿಲು ಬಿದ್ದಿತ್ತು. ಬೇವಿನ ಮರದ ನೆರಳು ಗೋಡೆಯ ಮೇಲೆ ಬಣ್ಣ ಹಚ್ಚಿದಂತೆ ಕದಲದೆ ಇತ್ತು.

ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಗೋಡೆಯಾಚೆ ಬಾಗಿಲ ಚಿಲಕದ ಸದ್ದು ಕೇಳಿಸಿತು. ತುಕ್ಕು ಹಿಡಿದ ಚಿಲಕ, ಎರಡು ಸಲ ಎಳೆದರೆ ಮಾತ್ರ ಬೀಳುತ್ತದೆ. ಎರಡು ಸಲ ಕೇಳಿಸಿತು. ಅವಳು ಸ್ಟೂಲಿನಿಂದ ಅರ್ಧ ಎದ್ದಳು. ಅದೇ ಹೊತ್ತಿಗೆ ಫ್ಲಾಸ್ಕಿನ ಕೆಂಪು ಮಾಸತೊಡಗಿತ್ತು. ಮಾಸುತ್ತಿದೆಯೋ, ಕಣ್ಣಿಗೆ ಹಾಗನ್ನಿಸುತ್ತಿದೆಯೋ ಎಂದು ಬಿಳಿ ಕಾಗದವನ್ನು ಹಿಂದೆ ಹಿಡಿದಳು. ತಳದಲ್ಲಿ ಹಳದಿಯ ಒಂದು ಎಳೆ. ಈಗ ಬಿಟ್ಟು ಹೋದರೆ ಬಿಸಿ ಏರಿ ಎಲ್ಲ ಹಾಳಾಗುತ್ತದೆ, ಇನ್ನೊಂದು ನಿಮಿಷ, ಇದು ನಿಂತ ತಕ್ಷಣ ಹೋಗಿ ಕರೆಯುತ್ತೇನೆ ಎಂದು ಅವಳು ಮನಸ್ಸಿನಲ್ಲಿ ಸ್ಪಷ್ಟವಾದ ಶಬ್ದಗಳಲ್ಲಿ ಅಂದುಕೊಂಡಳು. ಆಮೇಲೆ ಎಷ್ಟೋ ಸಲ ಆ ಶಬ್ದಗಳನ್ನು ಅವಳು ಹೊರತೆಗೆದು ನೋಡಲಿದ್ದಳು. ಚಿಲಕದ ಸದ್ದು ಕೇಳಲಿಲ್ಲ ಎಂದು ಹೇಳಿಕೊಳ್ಳಲು ಆ ಶಬ್ದಗಳು ಬಿಡಲಿಲ್ಲ.

ಹಳದಿ ತುಂಬಿಕೊಂಡಿತು. ಸಿರಿಂಜಿನಲ್ಲಿ ಒಂದು ಹನಿ ಎಳೆದು, ಫ್ಲಾಸ್ಕನ್ನು ಫ್ರಿಜ್ಜಿನಲ್ಲಿಟ್ಟು, ಪಕ್ಕದ ಕೋಣೆಯ ಇನ್‌ಫ್ರಾರೆಡ್ ಯಂತ್ರಕ್ಕೆ ಓಡಿದಳು. ಪರದೆಯ ಮೇಲೆ ಗೆರೆ ನಿಧಾನವಾಗಿ ಮೂಡಿತು. ಹಳೆಯ ಶಿಖರಗಳು ಇರಬೇಕಾದ ಕಡೆ ಇರಲಿಲ್ಲ. ಹೊಸವು ಎದ್ದಿದ್ದವು, ಯಾವ ಪುಸ್ತಕದಲ್ಲೂ ಅವಳು ನೋಡಿರದ ಜಾಗದಲ್ಲಿ. ಇನ್ನೊಮ್ಮೆ ಮಾಡಿದಳು. ಮತ್ತೂ ಅದೇ. ಯಾರಿಗಾದರೂ ಹೇಳಬೇಕು ಅನ್ನಿಸಿ ಸುತ್ತ ನೋಡಿದರೆ ಕುರ್ಚಿ, ಬೀರು, ಸುಣ್ಣದ ವಾಸನೆ. ಚಿಲಕವಿರಲಿ, ಮುನಿಶಾಮಮ್ಮ ಎಂಬ ಒಬ್ಬಳು ಇದ್ದಾಳೆಂಬುದೂ ಆಗ ಅವಳ ತಲೆಯಲ್ಲಿರಲಿಲ್ಲ. ಹೊತ್ತು ಹೇಗೆ ಹೋಯಿತೋ. ಸುಖವಾಗಿದ್ದಳು. ಸುಖವಾಗಿದ್ದದ್ದು ನಿಜ.

"ಮೇಡಂ, ಸೀಕ್ರಂ ವಾಂಗ" ಎಂದು ಕುಪ್ಪುಸ್ವಾಮಿ ತಮಿಳಿನಲ್ಲೇ ಕೂಗಿ ಬೇಗ ಬರಹೇಳಿದ. ಮುನಿಶಾಮಮ್ಮ ಬಾಗಿಲು ತೆಗೆಯುತ್ತಿಲ್ಲ, ಬಣ್ಣದವರು ಗವಾಕ್ಷಿಯಿಂದ ನೋಡಿದರೆ ಬಿದ್ದಿದ್ದಾಳೆ ಎಂದ. ಶ್ಯಾಮಲ ಓಡಿದ್ದು ಅವಳ ಕಡೆಗಲ್ಲ. ಲ್ಯಾಬಿಗೆ ಓಡಿ ಸಿಲಿಂಡರಿನ ತಿರುಪು ಮುಚ್ಚಿದಳು, ನಳಿಕೆ ಕಿತ್ತಳು. ಅದೇ ಸರಿಯಾದ ಕೆಲಸ, ಯಾರೇ ಆದರೂ ಮೊದಲು ಅದನ್ನೇ ಮಾಡಬೇಕು. ಆದರೆ ಕಿತ್ತ ನಳಿಕೆಯನ್ನು ಸುತ್ತಿ ಮೇಜಿನ ಡ್ರಾಯರಿನಲ್ಲಿಟ್ಟು ಮುಚ್ಚಿದ್ದು ಯಾವ ಸರಿಯಾದ ಕೆಲಸ ಎಂದು ಅವಳಿಗೆ ತಿಳಿಯಲಿಲ್ಲ. ಹಿಂದಕ್ಕೆ ಬಂದಾಗ ಬಾಗಿಲು ಒಡೆದಿದ್ದರು. ಉಸಿರು ಬಿಗಿಹಿಡಿದು ಒಳನುಗ್ಗಿ, ಕುಪ್ಪುಸ್ವಾಮಿಯ ಜೊತೆ ಅವಳನ್ನು ಬಯಲಿಗೆ ಎಳೆದಳು. ಡಬ್ಬಿ ತೆರೆದಿತ್ತು. ಅರ್ಧ ಮುದ್ದೆ ಉಳಿದಿತ್ತು. ಮೂಲೆಯಲ್ಲಿ ವಾಂತಿ. ಮುನಿಶಾಮಮ್ಮನ ಉಸಿರು ಎಲ್ಲೋ ದೂರದಿಂದ ಬಂದು ಹೋಗುತ್ತಿತ್ತು. ಕಪ್ಪು ತುಟಿಗಳು ಯಾವತ್ತಿಗಿಂತ ಕೆಂಪಗಿದ್ದವು. ಕೋದಂಡಪ್ಪನವರು ಬಂದು ಬಗ್ಗಿ ನೋಡಿ, ಮುಖ ಕಳೆಯಾಗೇ ಇದೆ, ಬಿಪಿ ಇರಬೇಕು ಎಂದರು. ಕಾರು ತರಿಸಿದರು.

ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಎಳೆಯ ಡಾಕ್ಟರು ಮುನಿಶಾಮಮ್ಮನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದರು. ತೊಂಬತ್ತೆಂಟು ಎಂದು ಹಸಿರು ಅಂಕಿ ಹೊಳೆಯಿತು. ಆಕ್ಸಿಜನ್ ಏನೂ ಬೇಕಿಲ್ಲ, ಚೆನ್ನಾಗಿದೆ ಎಂದು ಡಾಕ್ಟರು ಗ್ಲೂಕೋಸ್ ಹಾಕಲು ಹೇಳಿ, ಪಾರ್ಶ್ವವಾಯು ಇರಬಹುದೇ ಎಂದು ಕಾಲು ಮುಟ್ಟಿ ನೋಡತೊಡಗಿದರು. ಗೋಡೆಗೆ ಒರಗಿ ನಿಂತಿದ್ದ ಶ್ಯಾಮಲ ಆ ಅಂಕಿಯನ್ನು ನೋಡಿದಳು. ಆ ಯಂತ್ರ ನೋಡುವುದು ರಕ್ತದ ಕೆಂಪನ್ನು. ರಕ್ತದ ಕಬ್ಬಿಣಕ್ಕೆ ಆಮ್ಲಜನಕ ಕೂತರೂ ಕೆಂಪು, ಕಾರ್ಬನ್ ಮಾನಾಕ್ಸೈಡ್ ಕೂತರೂ ಕೆಂಪು. ಎರಡನೆಯದು ಅಷ್ಟು ಸುಲಭಕ್ಕೆ ಬಿಡದು. ಅಂಕಿ ಸುಳ್ಳು. ಅದು ಸುಳ್ಳೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಹೇಳಿದರೆ ಪೈಪು ಬರುತ್ತದೆ, ಸಿಲಿಂಡರು ಬರುತ್ತದೆ, ಸುಧಾಕರ್ ಬರುತ್ತಾರೆ, ಫ್ರಿಜ್ಜಿನಲ್ಲಿಟ್ಟ ಹಳದಿ ದ್ರಾವಣ ಬರುತ್ತದೆ. ಕೋದಂಡಪ್ಪನವರು ಅವಳನ್ನು ನೋಡಲಿಲ್ಲ. ನೋಡದೆ ಇರುವುದರಲ್ಲೇ ಅವರಿಗೂ ಏನೋ ಗೊತ್ತಾಗಿದೆ ಎಂದು ತಿಳಿಯುತ್ತಿತ್ತು. ಗ್ಲೂಕೋಸಿನ ಬಾಟಲು ತೂಗುಹಾಕಿದರು. ಹನಿ ಬೀಳತೊಡಗಿತು. ಅವಳು ಹನಿಗಳನ್ನು ನೋಡುತ್ತ ನಿಂತಳು. ಡಾಕ್ಟರು ಹೊರಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಮಾತಾಡಿ ಒಳಗೆ ಬಂದರು, ಮತ್ತೆ ಹೋದರು, ಮತ್ತೆ ಬಂದರು. ತನ್ನ ಬಾಯಿ ಮುಚ್ಚಿದೆ, ಇನ್ನೂ ಮುಚ್ಚಿದೆ ಎಂಬುದನ್ನು ಅವಳು ಬೇರೆ ಯಾರದೋ ಬಾಯಿಯನ್ನು ನೋಡುವಂತೆ ನೋಡುತ್ತಿದ್ದಳು. ಮುನಿಶಾಮಮ್ಮನ ಎಡಗೈ ಒಮ್ಮೆ ಸೆಟೆದು ಬಿಟ್ಟಿತು.

"ಡಾಕ್ಟ್ರೇ, ಆ ಮೆಷಿನ್ ನಂಬಬೇಡಿ," ಎಂದಳು ಶ್ಯಾಮಲ. "ಇವಳು ಕಾರ್ಬನ್ ಮಾನಾಕ್ಸೈಡ್ ಕುಡ್ದಿದಾಳೆ. ಆಕ್ಸಿಜನ್ ಕೊಡಿ. ಪೂರ್ತಿ ಕೊಡಿ."

ಡಾಕ್ಟರು ಒಂದು ಕ್ಷಣ ಅವಳನ್ನು ನೋಡಿ, ಮರುಮಾತಾಡದೆ ಮಾಸ್ಕ್ ಎಳೆದುಕೊಂಡರು. ಎಲ್ಲಿಂದ ಎಂದು ಅವರು ಕೇಳಿದ್ದು ಆಮೇಲೆ. ಆ ಪ್ರಶ್ನೆಗೆ ಉತ್ತರ ಕೊಟ್ಟವರು ಕೋದಂಡಪ್ಪ. ಚಳಿ ಅಲ್ಲವಾ ಸಾರ್, ಈ ಜನ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿಕೊಂಡುಬಿಡುತ್ತಾರೆ ಎಂದರು. ಎಷ್ಟು ಸಹಜವಾಗಿ ಹೇಳಿದರೆಂದರೆ ಶ್ಯಾಮಲಳ ಕಣ್ಣಿಗೂ ಆ ಕೋಣೆಯಲ್ಲಿ ಕೆಂಡದ ಬೋಗುಣಿ ಕಂಡಿತು. ಅಲ್ಲ ಎನ್ನಲು ಬೇಕಾಗಿದ್ದ ಇನ್ನೊಂದು ಮಾತು ಅವಳಲ್ಲಿರಲಿಲ್ಲ. ಇದ್ದ ಒಂದನ್ನು ಆಡಿಬಿಟ್ಟಿದ್ದೇನೆ ಎಂಬ ದಣಿವಿನಲ್ಲಿ ಅವಳು ಬೆಂಚಿನ ಮೇಲೆ ಕೂತಳು. ಮುನಿಶಾಮಮ್ಮನನ್ನು ಕೋಲಾರದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಅವಳ ಮಗಳು ರೂಪ, ರಾಬರ್ಟ್‌ಸನ್‌ಪೇಟೆಯ ಟೈಲರ್ ಅಂಗಡಿಯಿಂದ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇರುವಂತೆ ಓಡಿ ಬಂದಳು.

ಮುನಿಶಾಮಮ್ಮ ಮಾರನೆಯ ದಿನ ಕಣ್ಣು ಬಿಟ್ಟಳು. ವಾರದಲ್ಲಿ ಮನೆಗೆ ಬಂದಳು. ಆ ಮೇಡಂ ಹೇಳದೆ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಮ್ಮ ಕಣ್ಣು ಬಿಟ್ಟ ದಿನವೇ ರೂಪ ಕಾಲೇಜಿಗೆ ಬಂದು, ಎಲ್ಲರೂ ನೋಡುತ್ತಿರುವಾಗ, ಶ್ಯಾಮಲಳ ಕಾಲು ಮುಟ್ಟಲು ಬಗ್ಗಿದಳು. ಶ್ಯಾಮಲ ಹಿಂದಕ್ಕೆ ಸರಿದು ಗೋಡೆಗೆ ತಾಗಿದಳು. ಗೋಡೆಯ ಹಸಿ ಬಣ್ಣ ಸೀರೆಗೆ ಹತ್ತಿತು. ಪೈಪು ಮತ್ತೆ ನೆಟ್ಟಗೆ ನಿಂತಿತ್ತು, ಅದಕ್ಕೂ ಬಣ್ಣ ಬಳಿದಿದ್ದರು. ತಂಡ ಬಂದು ಹೋಯಿತು. ಸಿಲಿಂಡರು ಬೆಂಗಳೂರಿಗೆ ಹೋಯಿತು, ಅದರ ಜೊತೆ, ದ್ರಾವಣದಿಂದ ಇಳಿದ ಹಳದಿ ಹರಳಿನ ಪುಟ್ಟ ಬಾಟಲೂ ಹೋಯಿತು. ಕಳಿಸುವುದೋ ಬೇಡವೋ ಎಂದು ಅವಳು ಯೋಚಿಸಲೂ ಇಲ್ಲ, ಕೈ ತಾನಾಗಿ ಪ್ಯಾಕ್ ಮಾಡಿತು. ಮನೆಯಲ್ಲಿ ಕೆಂದಹಸು ಹೆಣ್ಣುಗರು ಹಾಕಿತ್ತು. ವೇಣು ಅವಳ ಮುಖ ನೋಡಿ, ಏನಾಯಿತು ಎಂದು ಕೇಳಿದ. ತಲೆನೋವು ಎಂದಳು. ಅವನು ಮಾತ್ರೆ ತಂದುಕೊಟ್ಟ. ಅವಳು ನುಂಗಿದಳು.

ಮುನಿಶಾಮಮ್ಮ ಕೆಲಸಕ್ಕೂ ಬಂದಳು. ಸ್ವಲ್ಪ ಇಳಿದಿದ್ದಳು, ಅಷ್ಟೆ. ನಗುತ್ತ, "ಕೆಂಡ ಇಕ್ಕಂಡಿದ್ನಂತೆ ಮೇಡಂ ನಾನು. ನಂಗೆ ಗ್ಯಾಪಕವೇ ಇಲ್ಲ ನೋಡಿ" ಅಂದಳು. ತನ್ನದೇ ತಪ್ಪಿಗೆ ನಾಚಿಕೊಂಡವಳಂತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಆಗಲೇ ಹೇಳಬೇಕಿತ್ತು. ಶ್ಯಾಮಲ, ಹುಷಾರಾಗಿರು ಎಂದಳು. ಅವಳು ಬದುಕಿದಳಲ್ಲ, ಓಡಾಡುತ್ತಿದ್ದಾಳಲ್ಲ ಎಂಬುದನ್ನು ದಿನವೂ ಬೆಳಗ್ಗೆ ರೈಲಿನಲ್ಲಿ ಮನಸ್ಸಿಗೆ ಹೇಳಿಕೊಂಡಳು. ಆದರೆ ಆ ಗಾಳಿಯ ಬಗ್ಗೆ ಪುಸ್ತಕಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಅವಳು ಓದಿದ್ದಳು. ಗುಣವಾದವರು ಕೆಲವರು ವಾರಗಳ ಮೇಲೆ, ಕಾರಣವಿಲ್ಲದೆ, ಒಳಗಿನಿಂದ ಕುಸಿಯುತ್ತಾರೆ. ಕೆಲವರು ಮಾತ್ರ. ಅವಳು ಮುನಿಶಾಮಮ್ಮನ ನಡಿಗೆಯನ್ನು ಗಮನಿಸತೊಡಗಿದಳು. ಬಕೆಟ್ ಎತ್ತುವ ಕೈ, ಮೆಟ್ಟಿಲ ಮೇಲಿನ ಕಾಲು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಮುನಿಶಾಮಮ್ಮ ಪೊರಕೆ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ, ಹೊರಗೆ ಹೋಗಲಿಲ್ಲ. ಏನಮ್ಮ ಎಂದರೆ ನಕ್ಕಳು. ಕಾಲ ಬಳಿ ನೆಲ ಒದ್ದೆಯಾಗುತ್ತಿತ್ತು. ಅವಳಿಗೆ ಅದರ ಅರಿವಿರಲಿಲ್ಲ.

ಆ ಭಾನುವಾರ ಶ್ಯಾಮಲ ಮೈಸೂರು ಮೈನ್ಸಿನ ಅವರ ಮನೆಗೆ ಹೋದಳು. ತಗಡಿನ ಮಾಡಿನ ಸಾಲುಮನೆ. ಮುನಿಶಾಮಮ್ಮ ಗೋಡೆಗೆ ಒರಗಿ ಕೂತು ತನ್ನ ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿಕೊಳ್ಳುತ್ತಿದ್ದಳು. ಬಂದವಳನ್ನು ನೋಡಿ ಅದೇ ನಗು. ರೂಪ ಕುರ್ಚಿ ಹಾಕಿದಳು. ಬಟ್ಟೆ ಉಡಿಸಬೇಕು, ಉಣಿಸಬೇಕು, ಬಾಗಿಲು ತೆರೆದಿದ್ದರೆ ಹೋಗಿಬಿಡುತ್ತಾಳೆ ಎಂದು ಹೇಳಿದಳು. ಡಾಕ್ಟರು ಮಿದುಳಿನ ಚಿತ್ರ ತೆಗೆಸಿ, ವರ್ಷದ ಮೇಲೆ ಸರಿಹೋದರೂ ಹೋಗಬಹುದು ಎಂದರಂತೆ.

"ಆ ರೂಮಲ್ಲಿ ಒಲೆ ಇಲ್ಲ, ಬೋಗುಣಿ ಇಲ್ಲ. ನಾನೇ ಓಗಿ ನೋಡ್ಕಂಡ್ ಬಂದೆ," ಎಂದಳು ರೂಪ. "ಕೆಂಡ ಎಲ್ಲಿಂದ ಬಂತು ಮೇಡಂ?"

ಶ್ಯಾಮಲ ಹೇಳಿದಳು. ಪೈಪು ಬಿಚ್ಚಿದ್ದು, ಅದನ್ನು ಹಿಂದಿನ ಸಂಜೆಯೇ ನೋಡಿದ್ದು, ಗಾಳಿ ಹೆಚ್ಚು ಬಿಟ್ಟದ್ದು, ಯಾಕೆಂದು ಹೇಳದೆ ಕೂರಬೇಡ ಎಂದದ್ದು. ಚಿಲಕದ ಸದ್ದಿನವರೆಗೆ ಬಂದು ಅವಳ ದನಿ ನಿಂತಿತು. ಅಲ್ಲಿಗೆ ಬಿಟ್ಟರೂ ಆಗುತ್ತಿತ್ತು. ಆ ಸದ್ದನ್ನು ಅವಳಲ್ಲದೆ ಯಾರೂ ಕೇಳಿರಲಿಲ್ಲ. ಅದನ್ನೂ ಹೇಳಿದಳು. ಫ್ಲಾಸ್ಕಿನಲ್ಲಿ ಬಣ್ಣ ತಿರುಗುತ್ತಿತ್ತು, ಅದಕ್ಕೆ ಏಳಲಿಲ್ಲ ಎಂದಳು. ರೂಪ ಅಳುತ್ತಾಳೆ, ಕೂಗುತ್ತಾಳೆ, ಹೊಡೆದರೂ ಹೊಡೆಯುತ್ತಾಳೆ ಎಂದು ಅವಳು ಮೈ ಗಟ್ಟಿ ಮಾಡಿಕೊಂಡು ಕೂತಿದ್ದಳು. ರೂಪ ಬಹಳ ಹೊತ್ತು ಅವಳ ಸೀರೆಯ ಅಂಚನ್ನು, ಹೊಲಿಗೆಯವರು ನೋಡುವ ಹಾಗೆ, ನೋಡುತ್ತಿದ್ದಳು.

"ಬಣ್ಣ," ಎಂದಳು. ಆಮೇಲೆ, "ಪೊಲೀಸ್ನೋರ ಹತ್ರಾನೂ ಇಂಗೇ ಹೇಳ್ತೀರಾ?"

"ಹೇಳ್ತೀನಿ."

ಹೇಳಿದಳು. ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದವನಿಗೆ ಆ ಗಾಳಿಯ ಹೆಸರು ಬರೆಯಲು ಬರಲಿಲ್ಲ, ಅವಳೇ ಅಕ್ಷರ ಅಕ್ಷರ ಹೇಳಿದಳು. ಕಾಲೇಜು ಅವಳನ್ನು ಅಮಾನತಿನಲ್ಲಿಟ್ಟಿತು. ಕೋದಂಡಪ್ಪನವರು ಫೋನಿನಲ್ಲಿ ಬೈಯಲಿಲ್ಲ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದಷ್ಟೇ ಹೇಳಿದರು. ವೇಣು ಮಾತು ಬಿಡಲಿಲ್ಲ. ಅವನು ಮಾತಾಡುವಾಗ ಹಸುವನ್ನು ನೋಡಿಕೊಂಡು ಮಾತಾಡುವುದನ್ನು ಕಲಿತ. ರೂಪ ಒಂದೇ ಒಂದು ಮಾತು ಕೇಳಿದ್ದಳು: ತಾನು ಅಂಗಡಿಗೆ ಹೋಗಬೇಕು, ಹಗಲು ಅಮ್ಮನ ಹತ್ತಿರ ಯಾರೂ ಇಲ್ಲ. ಹಾಗೆ ಶ್ಯಾಮಲ ಮತ್ತೆ ಬೆಳಗಿನ ರೈಲು ಹತ್ತತೊಡಗಿದಳು. ಮುನಿಶಾಮಮ್ಮನಿಗೆ ತಲೆ ಬಾಚಿದಳು, ಉಣಿಸಿದಳು, ಒದ್ದೆಯಾದ ಸೀರೆ ಒಗೆದಳು. ಇದು ಪ್ರಾಯಶ್ಚಿತ್ತ ಅನ್ನಿಸಿದ ದಿನ ಅವಳಿಗೆ ಸ್ವಲ್ಪ ಹಾಯೆನಿಸುತ್ತಿತ್ತು. ಹಾಯೆನಿಸಿದ್ದಕ್ಕೆ ಸಂಜೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ರೂಪ ಬಂದಾಗ ಎದ್ದು ಸಂಜೆಯ ರೈಲಿಗೆ ಹೊರಡುತ್ತಿದ್ದಳು.

ಸುಧಾಕರ್ ಅವರ ಫೋನು ಬಂದದ್ದು ಬಿಸಿಲು ಏರಿದ ಒಂದು ಮಾರ್ಚಿನ ಬೆಳಗ್ಗೆ. ಅವರಿಗೆ ಸಿಲಿಂಡರಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲವೋ, ಮುಟ್ಟಿಯೂ ಅದನ್ನು ಪಕ್ಕಕ್ಕಿಟ್ಟಿದ್ದರೋ. ನೀವು ಕಳಿಸಿದ ಹರಳಿನ ಎಕ್ಸ್-ರೇ ಚಿತ್ರ ಬಂದಿದೆ ಶ್ಯಾಮಲಾ ಎಂದರು. ಅವಳ ಕಾರ್ಬೀನು ಮೂರು ರುಥೇನಿಯಂಗೂ ಸೇರಿಕೊಂಡಿದೆ, ಯಾರೂ ಎಣಿಸದ ಕಡೆಯಿಂದ ತೋಳು ಮುರಿದುಕೊಂಡು ಸೇರಿಕೊಂಡಿದೆ, ಹೈಡ್ರೋಜನುಗಳು ಲೋಹದ ಅಂಚಿನ ಮೇಲೆ ಹೋಗಿ ಕೂತಿವೆ, ನಾನು ಇಂಥದ್ದನ್ನು ನೋಡಿಲ್ಲ, ನಿಮ್ಮ ಹೆಸರೇ ಮೊದಲು ಬರಬೇಕು ಎಂದರು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕಿವಿಗೆ ಫೋನು ಒತ್ತಿಕೊಂಡು ನಿಂತಳು. ಎಷ್ಟೋ ವರ್ಷ ಕಾದ ಮಾತು ಮೈಯೊಳಗೆ ಇಳಿಯುವುದನ್ನು ತಡೆಯಲು ನೋಡಿದಳು, ತಡೆಯಲಾಗಲಿಲ್ಲ. ಇನ್ನೊಮ್ಮೆ ಹೇಳಿ ಸಾರ್, ಯಾವ ಕಡೆಯಿಂದ ಎಂದು ತಾನೇ ಕೇಳಿದಳು. ಅವರು ಇನ್ನೊಮ್ಮೆ ಹೇಳಿದರು. ತಿರುಗಿ ನೋಡಿದಾಗ ಗೋಡೆಯ ಬಳಿ ಮುನಿಶಾಮಮ್ಮ ಇರಲಿಲ್ಲ. ಬಾಗಿಲು ತೆರೆದಿತ್ತು.

ಫೋನನ್ನು ಎಲ್ಲಿಟ್ಟಳೋ ಅವಳಿಗೆ ತಿಳಿಯದು, ಸುಧಾಕರ್ ಅವರ ದನಿ ಅದರೊಳಗೆ ಮಾತಾಡುತ್ತಲೇ ಇತ್ತು. ಬರಿಗಾಲಲ್ಲಿ ಓಡಿದಳು. ಸಾಲುಮನೆಗಳು ಮುಗಿಯುವಲ್ಲಿ, ಮುಚ್ಚಿದ ಗಣಿಯ ಬೂದು ಮಣ್ಣಿನ ಗುಡ್ಡಗಳ ಕಡೆ ಹೋಗುವ ಹಾದಿಯಲ್ಲಿ, ಮುನಿಶಾಮಮ್ಮ ಸಣ್ಣ ಸಣ್ಣ ಹೆಜ್ಜೆ ಇಡುತ್ತ ನಡೆಯುತ್ತಿದ್ದಳು. ಶ್ಯಾಮಲ ಹೋಗಿ ತೋಳು ಹಿಡಿದಳು. ಮುನಿಶಾಮಮ್ಮ ನಿಂತು ಅವಳ ಮುಖವನ್ನು ನೋಡಿದಳು, ಗಲ್ಲ ಮುಟ್ಟಿದಳು. ಅವಳ ಕಣ್ಣಿನಲ್ಲಿ ಎಷ್ಟೋ ದಿನಗಳ ಮೇಲೆ, ಬೇರೆ ಯಾರದೋ, ಒಂದು ಗುರುತು ಹತ್ತಿತು.

"ಬಂದ್ಯಾ ಅಕ್ಕಾ," ಎಂದಳು. "ಎಷ್ಟೊತ್ತು ಕಾಯೋದು ನಿಂಗೆ. ನಡಿ, ಮನೆಗೆ ಓಗಾನ."

ಮನೆ ಆ ಕಡೆಯಲ್ಲ ಎಂದು ಹೇಳಬೇಕಿತ್ತು. ಶ್ಯಾಮಲ ತಿರುಗಿಸಲು ಮೆಲ್ಲಗೆ ಎಳೆದಳು. ಮುನಿಶಾಮಮ್ಮನ ಕೈಯಲ್ಲಿ ಅಷ್ಟು ಬಲವಿದೆಯೆಂದು ಅವಳು ತಿಳಿದಿರಲಿಲ್ಲ. ಬೆರಳುಗಳು ಅವಳ ಬೆರಳುಗಳ ನಡುವೆ ತೂರಿ ಬಿಗಿಯಾದವು. ಆ ಮುಖದಲ್ಲಿ ಸಂತೋಷವಿತ್ತು. ಬೂದು ಗುಡ್ಡದ ಮೇಲಿಂದ ಬಿಸಿಗಾಳಿ ಎದ್ದು ಕಣ್ಣಿಗೆ ಮಣ್ಣು ಎರಚಿತು. "ನಡಿ ಅಕ್ಕಾ," ಎಂದಳು ಮುನಿಶಾಮಮ್ಮ ಮತ್ತೆ. ಶ್ಯಾಮಲ ಹೂಂ ಎಂದಳು, ಅವಳ ಸಣ್ಣ ಹೆಜ್ಜೆಗೆ ಹೆಜ್ಜೆ ಹಾಕುತ್ತ ಮುಂದಕ್ಕೆ ನಡೆದಳು.